ಅಧ್ಯಕ್ಷರ ಅಪ್ಪಣೆ ಮೇರೆಗೆ ಇತರೆ ವಿಷಯಗಳು

ನಮ್ಮ ಕಾರ್ಮಿಕ ಸಂಘ ಈ ವರ್ಷವನ್ನು 'ಸದಸ್ಯರನ್ನು ಆಲಿಸುವ ವರ್ಷ' ಎಂದು ಘೋಷಿಸಿದೆ. ಘೋಷಿಸುವ ಮುಂಚೆ ಸದಸ್ಯರನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ, ಹೋದ ವರ್ಷದ್ದು ಏನಾಯ್ತು ಸ್ವಾಮಿ ಅಂತ ನಾವು ತಿರುಗಿ ಕೇಳುತ್ತಿದ್ದೆವು. ಹೋದ ವರ್ಷ 'ಸದಸ್ಯರೊಂದಿಗೆ ಸಂವಾದದ ವರ್ಷ' ಆಗಿತ್ತು. ಅದರ ಬ್ಯಾನರ್ ಇನ್ನೂ ಗೇಟಿನ ಪಕ್ಕದಲ್ಲೇ ಇದೆ. ಹೊಸ ಬ್ಯಾನರನ್ನು ಅದರ ಮೇಲೇ ಕಟ್ಟಿದ್ದಾರೆ. ಗಾಳಿ ಬೀಸಿದಾಗ ಹಳೆಯದು ಒಮ್ಮೊಮ್ಮೆ ಇಣುಕಿ ನೋಡುತ್ತದೆ.

ಆಲಿಸುವ ವರ್ಷದ ಉದ್ಘಾಟನೆಯಲ್ಲಿ ಪ್ರಧಾನ ಕಾರ್ಯದರ್ಶಿಗಳು ಒಂದು ಗಂಟೆ ಹತ್ತು ನಿಮಿಷ ಮಾತಾಡಿದರಂತೆ. ಸದಸ್ಯರು ಆಲಿಸಿದರಂತೆ. 'ಅಂತೆ' ಅಂತ ಯಾಕೆ ಹೇಳುತ್ತಿದ್ದೇನೆಂದರೆ, ನಾನು ಅಲ್ಲಿರಲಿಲ್ಲ. ನಮ್ಮದು ಪ್ಯಾಕಿಂಗ್ ವಿಭಾಗ. ನಮಗೆ ಕಾಯಂ ಎರಡನೇ ಪಾಳಿ, ಮಧ್ಯಾಹ್ನ ಎರಡರಿಂದ ರಾತ್ರಿ ಹತ್ತು. ಸಂಘದ ಎಲ್ಲ ಸಭೆಗಳೂ ಸಂಜೆ ಐದಕ್ಕೆ. ಹಾಗಾಗಿ ಹನ್ನೊಂದು ವರ್ಷದಿಂದ ನಮ್ಮ ವಿಭಾಗದವರು ಚಂದಾ ಕಟ್ಟುತ್ತಾ ಬಂದಿದ್ದೇವೆ, ಸಭೆಗೆ ಮಾತ್ರ ಹೋಗಿಲ್ಲ.

ನಮ್ಮ ಬೇಡಿಕೆ ತೀರಾ ಸಣ್ಣದು. ಸಂಬಳ ಜಾಸ್ತಿ ಮಾಡಿಸಿ ಅಂತಲ್ಲ, ಬೋನಸ್ ಅಂತಲೂ ಅಲ್ಲ. ಸಭೆಯ ಸಮಯವನ್ನು ತಿಂಗಳು ಬಿಟ್ಟು ತಿಂಗಳಾದರೂ ಬೆಳಗ್ಗೆಗೆ ಬದಲಿಸಿ, ಅಷ್ಟೇ. ಇದನ್ನು ಬರೆದು ಕೊಟ್ಟೆವು. ಉತ್ತರ ಬೇಗ ಬಂತು, ಅದೂ ಲಿಖಿತವಾಗಿ. ಬೈಲಾ ಪ್ರಕಾರ ಸಭೆಯ ಸಮಯ ಬದಲಿಸುವ ನಿರ್ಣಯವನ್ನು ಮಹಾಸಭೆಯಲ್ಲಿ ಖುದ್ದಾಗಿ ಹಾಜರಿದ್ದು ಮಂಡಿಸಬೇಕು. ಇನ್ನೊಬ್ಬ ಸದಸ್ಯರು ಖುದ್ದಾಗಿ ಹಾಜರಿದ್ದು ಅನುಮೋದಿಸಬೇಕು. ಮಹಾಸಭೆ ಸಂಜೆ ಐದಕ್ಕೆ.

ಇದು ಹಾಸ್ಯಕ್ಕೆ ಬರೆದ ಉತ್ತರ ಅಂದುಕೊಂಡು ಪತ್ರವನ್ನು ಎರಡು ಸಲ ತಿರುಗಿಸಿ ನೋಡಿದೆ. ಹಿಂದುಗಡೆ ಏನೂ ಇರಲಿಲ್ಲ. ಸಂಘದ ಮೊಹರು ಮಾತ್ರ ಒತ್ತಿಕೊಂಡಿತ್ತು.

ಹಾಗಂತ ಸಂಘ ಸದಸ್ಯರ ಜೊತೆ ಸಂಪರ್ಕ ಇಟ್ಟುಕೊಂಡಿಲ್ಲ ಅನ್ನುವ ಹಾಗಿಲ್ಲ. 'ಸದಸ್ಯರ ದನಿ' ಅನ್ನುವ ವಾಟ್ಸಾಪ್ ಗುಂಪಿದೆ. ಅದರಲ್ಲಿ ಅಡ್ಮಿನ್‌ಗಳು ಮಾತ್ರ ಸಂದೇಶ ಕಳಿಸಬಹುದು. ಸದಸ್ಯರಿಗೆ ಹೆಬ್ಬೆರಳು ಎತ್ತುವ ಸೌಲಭ್ಯ ಉಂಟು. ಮೊದಲು ಎಲ್ಲರೂ ಬರೆಯಬಹುದಿತ್ತು. ಯಾರೋ ಒಬ್ಬರು ಹೋದ ಸಲದ ಒಪ್ಪಂದದ ಪ್ರತಿ ಎಲ್ಲಿ ಸಿಗುತ್ತದೆ ಅಂತ ಕೇಳಿಬಿಟ್ಟರು. ಅದರ ಮರುದಿನದಿಂದ 'ಗುಂಪಿನ ಶಿಸ್ತಿನ ದೃಷ್ಟಿಯಿಂದ' ಈ ವ್ಯವಸ್ಥೆ. ಪದಾಧಿಕಾರಿಗಳ ಹುಟ್ಟುಹಬ್ಬ, ಪದಾಧಿಕಾರಿಗಳು ಮನವಿ ಪತ್ರ ಕೊಡುತ್ತಿರುವ ಫೋಟೋ, ಪದಾಧಿಕಾರಿಗಳು ಮನವಿ ಪತ್ರ ಕೊಟ್ಟು ಹೊರಬರುತ್ತಿರುವ ಫೋಟೋ, ಇವೆಲ್ಲ ತಪ್ಪದೆ ಬರುತ್ತವೆ. ಆ ಮನವಿ ಪತ್ರದಲ್ಲಿ ಏನಿದೆ ಅಂತ ಓದಲು ನಾನು ಫೋಟೋವನ್ನು ದೊಡ್ಡದು ಮಾಡಿ ನೋಡಿದ್ದೇನೆ. ಕಾಣುವುದು ಕಾರ್ಯದರ್ಶಿಗಳ ಉಂಗುರ.

ಹಿಂದೆ ಹೀಗಿರಲಿಲ್ಲ. ಆಗ ಚಂದಾ ವಸೂಲಿಗೆ ಅಂತ ಒಬ್ಬ ಹಿರಿಯರು ತಿಂಗಳಿಗೊಮ್ಮೆ ಪ್ರತಿ ಮೆಷಿನ್ ಹತ್ತಿರವೂ ಬರುತ್ತಿದ್ದರು. ಕೈಯಲ್ಲಿ ರಸೀದಿ ಪುಸ್ತಕ. ಬೈಗುಳ ತಿನ್ನದೆ ಅವರಿಗೆ ಚಂದಾ ಹುಟ್ಟುತ್ತಿರಲಿಲ್ಲ. "ಏನ್ ಕಿಸಿದ್ರಿ ಅಂತ ಕೊಡ್ಬೇಕು?" ಅನ್ನುತ್ತಲೇ ಜನ ಜೇಬಿಗೆ ಕೈ ಹಾಕುತ್ತಿದ್ದರು. ಅವರು ರಸೀದಿ ಹರಿಯುವಷ್ಟರಲ್ಲಿ ಫೋರ್‌ಮನ್ ಕಾಟ, ರಜೆ ಸಿಗದ ಕಥೆ, ಓಟಿ ಲೆಕ್ಕದ ಗೋಲ್‌ಮಾಲ್ ಎಲ್ಲ ಕಿವಿಗೆ ಬೀಳುತ್ತಿತ್ತು. ಆಮೇಲೆ ಸಂಘ ಒಂದು ದೊಡ್ಡ ಗೆಲುವು ಸಾಧಿಸಿತು. ಚಂದಾವನ್ನು ಮ್ಯಾನೇಜ್‌ಮೆಂಟೇ ಸಂಬಳದಲ್ಲಿ ಮುರಿದುಕೊಂಡು ಸಂಘದ ಖಾತೆಗೆ ಹಾಕುತ್ತದೆ. ಪ್ರಪಂಚದ ಎಷ್ಟೋ ಕಡೆ ಇದೇ ಪದ್ಧತಿ. ಹಣ ಸರಿಯಾಗಿ ಬರುತ್ತದೆ, ಸಂಘ ಗಟ್ಟಿಯಾಗುತ್ತದೆ, ತಪ್ಪೇನಿಲ್ಲ. ಆದರೆ ಆ ರಸೀದಿ ಪುಸ್ತಕದ ಜೊತೆ ಬೈಗುಳ ಕೇಳುವ ಕಿವಿಯೂ ನಿವೃತ್ತಿಯಾಯ್ತು. ಈಗ ಸಂಘಕ್ಕೆ ನಮ್ಮ ಹಣ ತಲುಪುತ್ತದೆ, ಬೈಗುಳ ತಲುಪುವುದಿಲ್ಲ.

ಆ ಕೊರತೆ ನೀಗಿಸಲು ಅಂತಲೇ ಈ ಸಲ ಸಮೀಕ್ಷೆ ಮಾಡಿದರು. ಪ್ರಶ್ನೆ ಹೀಗಿತ್ತು: 'ಸಂಘದ ದಿಟ್ಟ ಹಾಗೂ ರಾಜಿರಹಿತ ಹೋರಾಟದ ಬಗ್ಗೆ ನಿಮ್ಮ ಅಭಿಪ್ರಾಯವೇನು?' ಉತ್ತರಗಳು: ಬಹಳ ತೃಪ್ತಿ, ತೃಪ್ತಿ, ಇನ್ನಷ್ಟು ತೃಪ್ತಿ ಪಡಲು ಬಯಸುತ್ತೇನೆ. ನಾನು ಮೂರನೆಯದಕ್ಕೆ ಗುರುತು ಹಾಕಿದೆ. ಕೊನೆಯಲ್ಲಿ 'ಸಲಹೆಗಳಿದ್ದರೆ' ಅಂತ ಅರ್ಧ ಇಂಚು ಜಾಗ ಬಿಟ್ಟಿದ್ದರು. 'ಸಭೆ ಸಮಯ ಬ' ಅನ್ನುವಷ್ಟರಲ್ಲಿ ಜಾಗ ಮುಗಿಯಿತು.

ಕೊನೆಗೆ ನಾನು ಅರ್ಧ ದಿನ ರಜೆ ಹಾಕಿ ಮಹಾಸಭೆಗೆ ಹೋದೆ. ಸಂಬಳ ಹೋದರೂ ಪರವಾಗಿಲ್ಲ, ಒಂದು ಸಲ ಪ್ರಜಾಪ್ರಭುತ್ವವನ್ನು ಹತ್ತಿರದಿಂದ ನೋಡೋಣ ಅಂತ.

ಐದಕ್ಕೆ ಕೋರಂ ಇರಲಿಲ್ಲ. ಅಧ್ಯಕ್ಷರು ಎದ್ದು ನಿಂತು, ಕೋರಂ ಇಲ್ಲದ ಕಾರಣ ಸಭೆಯನ್ನು ಅರ್ಧ ಗಂಟೆ ಮುಂದೂಡಲಾಗಿದೆ, ನಂತರ ಇದೇ ಸ್ಥಳದಲ್ಲಿ ಸೇರುವ ಸಭೆಗೆ ಕೋರಂ ಅಗತ್ಯವಿಲ್ಲ ಎಂದರು. ಯಾರೂ ಕುರ್ಚಿ ಬಿಟ್ಟು ಏಳಲಿಲ್ಲ. ಅರ್ಧ ಗಂಟೆ ಎಲ್ಲರೂ ಫೋನ್ ನೋಡಿಕೊಂಡು ಕೂತೆವು. ಐದೂವರೆಗೆ ಅದೇ ಇಪ್ಪತ್ತಾರು ಜನ ಅದೇ ಕುರ್ಚಿಗಳಲ್ಲಿ ಸಿಂಧುವಾದೆವು.

ಅಜೆಂಡಾ ಉದ್ದ ಇತ್ತು. ಸ್ವಾಗತ. ಅಗಲಿದ ಗಣ್ಯರಿಗೆ ಮೌನಾಚರಣೆ. ಹಿಂದಿನ ಸಭೆಯ ನಡಾವಳಿಯನ್ನು ಓದಿ ಅಂಗೀಕರಿಸುವುದು. ಅದನ್ನು ಓದಲಿಲ್ಲ, 'ಓದಲಾಗಿದೆ ಎಂದು ಭಾವಿಸಲಾಯಿತು'. ವಿಶ್ವಶಾಂತಿಯ ಬಗ್ಗೆ ಒಂದು ನಿರ್ಣಯ ಸರ್ವಾನುಮತದಿಂದ ಪಾಸಾಯಿತು. ನನ್ನ ತಕರಾರೇನಿಲ್ಲ, ವಿಶ್ವದಲ್ಲಿ ಶಾಂತಿ ಇರಲಿ. ಮೂರು ಖಂಡಗಳ ಸಮಸ್ಯೆ ಮುಗಿಸಿ ನಮ್ಮ ಪ್ಯಾಕಿಂಗ್ ವಿಭಾಗಕ್ಕೆ ಬರುವಷ್ಟರಲ್ಲಿ ಏಳು ಗಂಟೆ ದಾಟಿತ್ತು. ನನ್ನ ವಿಷಯ ಕೊನೆಯಲ್ಲಿತ್ತು, 'ಅಧ್ಯಕ್ಷರ ಅಪ್ಪಣೆ ಮೇರೆಗೆ ಇತರೆ ವಿಷಯಗಳು' ಅನ್ನುವ ಜಾಗದಲ್ಲಿ. ಸಂಘಗಳಲ್ಲಿ ಸದಸ್ಯರ ವಾಸಸ್ಥಳವೇ ಅದು.

ನಾನು ಎದ್ದು ನಿರ್ಣಯ ಮಂಡಿಸಿದೆ. ಅನುಮೋದಿಸಲು ನಮ್ಮ ಪಾಳಿಯವರು ಯಾರೂ ಇರಲಿಲ್ಲ, ಅವರೆಲ್ಲ ಕೆಲಸದಲ್ಲಿದ್ದರು. ಪಕ್ಕದ ಕುರ್ಚಿಯವರ ಕಡೆ ನೋಡಿದೆ. ಅವರು ಮೊದಲನೇ ಪಾಳಿಯವರು. "ನಮಗೆ ಈ ಟೈಮೇ ಚೆನ್ನಾಗಿದೆಯಲ್ಲಾ" ಎಂದರು, ಪಾಪ, ಪ್ರಾಮಾಣಿಕವಾಗಿ. ಆ ದಿನದ ನಡಾವಳಿಯಲ್ಲಿ ಹೀಗೆ ದಾಖಲಾಗಿದೆ: 'ಸಭೆಯ ಸಮಯದ ಕುರಿತು ಹಾಜರಿದ್ದ ಸದಸ್ಯರ ಅಭಿಪ್ರಾಯ ಕೇಳಲಾಗಿ, ಸಂಜೆ ಐದು ಗಂಟೆಯೇ ಅನುಕೂಲವೆಂದು ತಿಳಿಸಿದರು. ಗೈರುಹಾಜರಾದವರಿಂದ ಯಾವುದೇ ಆಕ್ಷೇಪಣೆ ಬಂದಿರುವುದಿಲ್ಲ.'

ಸಭೆ ಮುಗಿದ ಮೇಲೆ ಪ್ರಧಾನ ಕಾರ್ಯದರ್ಶಿಗಳನ್ನು ಹಿಡಿದೆ. ಹದಿನೆಂಟು ವರ್ಷದಿಂದ ಅವರೇ ಕಾರ್ಯದರ್ಶಿ. ಪ್ರತಿ ಸಲವೂ ಅವಿರೋಧ ಆಯ್ಕೆ.

"ಸಾರ್," ಎಂದೆ.

"ಸಾರ್ ಅನ್ಬೇಡಿ, ನಮ್ಮಲ್ಲಿ ಮೇಲು ಕೀಳು ಇಲ್ಲ. ಸಂಗಾತಿ ಅನ್ನಿ."

"ಆಯ್ತು ಸಾರ್."

ನಾನು ಸ್ವಲ್ಪ ಓದಿಕೊಂಡು ಹೋಗಿದ್ದೆ. ಇಂಗ್ಲೆಂಡಿನ ಹಳೆಯ ಕಸುಬುದಾರರ ಸಂಘಗಳ ಬಗ್ಗೆ ಸಿಡ್ನಿ ಮತ್ತು ಬಿಯಾಟ್ರಿಸ್ ವೆಬ್ ದಂಪತಿ 1890ರ ದಶಕದಲ್ಲೇ ಬರೆದಿದ್ದಾರೆ. ಅಲ್ಲಿ ಕೆಲವು ಸಣ್ಣ ಸಂಘಗಳಲ್ಲಿ ಪದಾಧಿಕಾರ ಸರದಿ ಪ್ರಕಾರ ಬರುತ್ತಿತ್ತು. ಪಟ್ಟಿಯಲ್ಲಿ ನಿಮ್ಮ ಹೆಸರು ಬಂದಾಗ ಆಗಲ್ಲ ಅಂದರೆ ದಂಡ. ಇದನ್ನು ಹೇಳಿದೆ. ಕಾರ್ಯದರ್ಶಿಗಳ ಮುಖ ಅರಳಿತು. "ನೋಡಿ, ನಾನು ಬೇಡ ಬೇಡ ಅಂದ್ರೂ ಬಿಡಲ್ವಲ್ಲ ನೀವು. ನನಗಿದು ಹದಿನೆಂಟು ವರ್ಷದ ದಂಡ."

ಹಾಗಾದರೆ ಅಮೆರಿಕದ ಕಾರು ಕಾರ್ಮಿಕರ ಸಂಘ ನೋಡಿ ಎಂದೆ. ಯುಎಡಬ್ಲ್ಯು, 1935ರಲ್ಲಿ ಹುಟ್ಟಿದ್ದು. ಅಧ್ಯಕ್ಷರನ್ನು ಸದಸ್ಯರು ನೇರವಾಗಿ ಆರಿಸುತ್ತಿರಲಿಲ್ಲ, ಸಮಾವೇಶಕ್ಕೆ ಹೋದ ಪ್ರತಿನಿಧಿಗಳು ಆರಿಸುತ್ತಿದ್ದರು. ಎಪ್ಪತ್ತು ವರ್ಷಕ್ಕೂ ಜಾಸ್ತಿ ಕಾಲ ಒಂದೇ ಗುಂಪಿನವರ ಕೈಯಲ್ಲಿ ಅಧಿಕಾರ ಇತ್ತು. ಆಮೇಲೆ ಸಂಘದ ದುಡ್ಡು ಗಾಲ್ಫ್, ಸಿಗಾರ್, ವಿಲ್ಲಾಗಳಿಗೆ ಹೋಗಿದ್ದು ಬಯಲಾಯ್ತು. ಇಬ್ಬರು ಮಾಜಿ ಅಧ್ಯಕ್ಷರು ಜೈಲಿಗೆ ಹೋದರು. 2021ರಲ್ಲಿ ಸದಸ್ಯರನ್ನೇ ಕೇಳಿದಾಗ, ಅಧ್ಯಕ್ಷರನ್ನು ನಾವೇ ಆರಿಸುತ್ತೇವೆ ಅಂದರು. 2023ರಲ್ಲಿ ಶಾನ್ ಫೇಯ್ನ್ 483 ಮತಗಳ ಅಂತರದಲ್ಲಿ ಗೆದ್ದರು. ಅದೇ ವರ್ಷ ಮೂರು ದೊಡ್ಡ ಕಾರು ಕಂಪನಿಗಳ ವಿರುದ್ಧ ಒಟ್ಟಿಗೇ ಮುಷ್ಕರ. ಮಾತುಕತೆ ಎಲ್ಲಿಗೆ ಬಂತು ಅಂತ ಅಧ್ಯಕ್ಷರೇ ನೇರಪ್ರಸಾರದಲ್ಲಿ ಸದಸ್ಯರಿಗೆ ಹೇಳುತ್ತಿದ್ದರು.

ಜೈಲಿನ ಮಾತಿಗೆ ಕಾರ್ಯದರ್ಶಿಗಳು ಬೆಚ್ಚಲಿಲ್ಲ. ನೇರಪ್ರಸಾರಕ್ಕೆ ಬೆಚ್ಚಿದರು. "ಮಾತುಕತೆ ವಿಷಯಾನ ಸದಸ್ಯರಿಗೆ ಹೇಳೋದಾ? ಅದು ಗೋಪ್ಯ ಕಣ್ರೀ. ಮ್ಯಾನೇಜ್‌ಮೆಂಟಿಗೆ ಗೊತ್ತಾಗಿಬಿಡುತ್ತೆ."

"ಮಾತುಕತೆ ಮ್ಯಾನೇಜ್‌ಮೆಂಟ್ ಜೊತೆಗೇ ಅಲ್ವಾ ಸಾರ್?"

ಅವರು ಒಂದು ಕ್ಷಣ ಸುಮ್ಮನಾದರು. ಆಮೇಲೆ ಜೇಬಿನಿಂದ ತುರುಪು ತೆಗೆದರು. "ಸರಿ, ಆ ಚುನಾವಣೇಲಿ ಎಷ್ಟು ಜನ ವೋಟ್ ಹಾಕಿದ್ರು, ಅದನ್ನೂ ಓದಿದ್ದೀರಾ?"

ಓದಿದ್ದೆ. ನಿವೃತ್ತರೂ ಸೇರಿ 10 ಲಕ್ಷಕ್ಕೂ ಹೆಚ್ಚು ಜನರಿಗೆ ಮತಪತ್ರ ಹೋಗಿತ್ತು. ವಾಪಸ್ ಬಂದಿದ್ದು ಸುಮಾರು 1.4 ಲಕ್ಷ.

"ಕೇಳಿದ್ರೂ ಜನ ಹೇಳಲ್ಲ. ಮತ್ಯಾಕೆ ಕೇಳ್ಬೇಕು?" ಎಂದು ಬೈಕ್ ಹತ್ತಿದರು.

ಇಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕು. ಅವರು ಹೇಳಿದ್ದರಲ್ಲಿ ಅರ್ಧ ಸತ್ಯ ಇದೆ. ನಾವೇನು ಕಮ್ಮಿ ಅಲ್ಲ. ಮೆಮೊ ಬಂದ ದಿನ ಸಂಘದ ಆಫೀಸಿನ ಮೆಟ್ಟಿಲು ಸವೆಸುತ್ತೇವೆ. ಮೆಮೊ ವಾಪಸ್ ಆದ ಮೇಲೆ, ಹೊಳೆ ದಾಟಿದವನಿಗೆ ಅಂಬಿಗ ಯಾರೋ ಏನೋ. ಮೊದಲನೇ ಪಾಳಿಯವರಿಗೆ ಐದು ಗಂಟೆ ಅನುಕೂಲವಂತೆ, ಆದರೂ ಸಭೆಯಲ್ಲಿದ್ದದ್ದು ಇಪ್ಪತ್ತಾರು ಜನ. 1911ರಲ್ಲಿ ರಾಬರ್ಟ್ ಮಿಖೆಲ್ಸ್ ಎಂಬ ಸಮಾಜಶಾಸ್ತ್ರಜ್ಞ ಜರ್ಮನಿಯ ಸಮಾಜವಾದಿ ಪಕ್ಷವನ್ನೂ ಕಾರ್ಮಿಕ ಸಂಘಗಳನ್ನೂ ನೋಡಿ ಇದನ್ನೇ ಹೇಳಿದ್ದರು. ಸಂಘಟನೆ ಬೆಳೆದಂತೆ ಅಧಿಕಾರ ಕೆಲವರ ಕೈಗೆ ಜಾರುತ್ತದೆ, ಉಳಿದವರು ಅದಕ್ಕೆ ಸುಮ್ಮನೆ ಒಗ್ಗಿಕೊಳ್ಳುತ್ತಾರೆ ಅಂತ. ಅದಕ್ಕೆ ಅವರು 'ಕಬ್ಬಿಣದ ನಿಯಮ' ಎಂದು ಹೆಸರಿಟ್ಟರು. ನೂರು ವರ್ಷ ದಾಟಿದರೂ ನಮ್ಮ ಸಂಘದಲ್ಲಿ ಆ ಕಬ್ಬಿಣಕ್ಕೆ ತುಕ್ಕು ಹಿಡಿದಿಲ್ಲ. ನಾವೂ ನೀರು ಹಾಕಲಿಲ್ಲ ಬಿಡಿ.

ಆದರೆ ಉಳಿದರ್ಧಕ್ಕೆ ಏನು ಹೇಳೋದು? ಕೇಳಿದರೂ ಬಾಯಿ ಬಿಡದವರು ಬೇರೆ. ಬಾಯಿ ಬಿಟ್ಟವರ ಗುಂಪಿಗೇ ಬೀಗ ಹಾಕಿ, ಆಮೇಲೆ ಯಾರೂ ಮಾತಾಡ್ತಿಲ್ಲ ಅನ್ನೋದು ಬೇರೆ. ಈ ಲೆಕ್ಕದಲ್ಲಿ ನಮ್ಮ ಸಂಘಕ್ಕೂ ಮ್ಯಾನೇಜ್‌ಮೆಂಟಿಗೂ ಭಾಷೆಯಲ್ಲಿ ಕೂಡ ವ್ಯತ್ಯಾಸ ಉಳಿದಿಲ್ಲ. 'ಪರಿಶೀಲನೆಯಲ್ಲಿದೆ', 'ಸೂಕ್ತ ವೇದಿಕೆಯಲ್ಲಿ ಪ್ರಸ್ತಾಪಿಸಿ', 'ನಿಮ್ಮ ಕಳಕಳಿ ಅರ್ಥವಾಗುತ್ತದೆ'. ಮೊದಲು ಇವನ್ನು ಮ್ಯಾನೇಜ್‌ಮೆಂಟ್ ಬಾಯಲ್ಲಿ ಕೇಳಿದಾಗ ಸಂಘದವರು ಗೇಟ್ ಮೀಟಿಂಗ್ ಕರೆದು ಅಣಕಿಸುತ್ತಿದ್ದರು. ಎದುರಾಳಿಯ ಎದುರು ಅಷ್ಟು ವರ್ಷ ಕೂತರೆ ಅಕ್ಷರ ಕೂಡ ಅವರ ಹಾಗೇ ತಿರುಗುತ್ತದೇನೋ.

ಕಥೆಗೆ ತಿರುವು ಬಂದದ್ದು ಹೋದ ತಿಂಗಳು. ಮ್ಯಾನೇಜ್‌ಮೆಂಟಿನವರು ಒಂದು ದಿನ ಪ್ಯಾಕಿಂಗ್ ವಿಭಾಗಕ್ಕೇ ಬಂದರು. ಕುರ್ಚಿ ಹಾಕಿಸಿ ಒಬ್ಬೊಬ್ಬರನ್ನೂ ಕೂರಿಸಿಕೊಂಡು "ಕಾಯಂ ಎರಡನೇ ಪಾಳಿಯಿಂದ ನಿಮಗೆ ತೊಂದರೆ ಇದೆಯಾ?" ಅಂತ ಕೇಳಿದರು. ಹನ್ನೊಂದು ವರ್ಷದಲ್ಲಿ ಮೊದಲ ಸಲ ಯಾರೋ ಕೇಳಿದ್ದು. ನಮ್ಮವರು ಕಣ್ಣಲ್ಲಿ ನೀರು ಬರುವಷ್ಟು ಹೇಳಿಕೊಂಡರು. ಅವರು ಎಲ್ಲವನ್ನೂ ಬರೆದುಕೊಂಡರು. ವಾರದಲ್ಲಿ ನೋಟಿಸ್ ಬಂತು. ಮುಂದಿನ ತಿಂಗಳಿಂದ ಪ್ಯಾಕಿಂಗ್ ವಿಭಾಗಕ್ಕೆ ವಾರಕ್ಕೊಂದು ಪಾಳಿ, ಸರದಿ ಪ್ರಕಾರ. 'ನೌಕರರ ಕೋರಿಕೆಯಂತೆ'. ನೋಟಿಸಿನ ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲು: ಎರಡನೇ ಪಾಳಿಯ ಕಾಯಂ ಭತ್ಯೆ ರದ್ದು.

ಅವರು ಯಾಕೆ ಅಷ್ಟು ಪ್ರೀತಿಯಿಂದ ಕೇಳಿದರು ಅಂತ ಆಗ ಗೊತ್ತಾಯ್ತು. ಇಂಥ ಹೊತ್ತಿಗೇ ಅಲ್ವಾ ಸಂಘ ಬೇಕಾಗೋದು?

ಸಂಘ ಕೆಂಡವಾಯಿತು. ಆದರೆ ಭತ್ಯೆಗಲ್ಲ. 'ಸದಸ್ಯರನ್ನು ನೇರವಾಗಿ ಮಾತನಾಡಿಸಿರುವುದು ಸಂಘದ ಹಕ್ಕಿಗೆ ಬಿದ್ದ ಪೆಟ್ಟು' ಎಂದು ಎರಡು ಪುಟದ ಖಂಡನೆ ಹೊರಬಂತು. ಸದಸ್ಯರ ಪರವಾಗಿ ಮಾತಾಡುವ ಅಧಿಕಾರ ಸಂಘಕ್ಕೆ ಸೇರಿದ್ದು, ಅದು ನ್ಯಾಯವೇ. ಮ್ಯಾನೇಜ್‌ಮೆಂಟ್ ಒಬ್ಬೊಬ್ಬರನ್ನೇ ಕೂರಿಸಿ ಮಾತಾಡಿದರೆ ಯಾರ ಜೇಬು ಹಗುರವಾಗುತ್ತದೆ ಅನ್ನುವುದನ್ನು ನೋಡಿದೆವಲ್ಲ. ಆದರೆ ಆ ಎರಡು ಪುಟ ಬರೆಯುವ ಮುಂಚೆಯೂ ಪ್ಯಾಕಿಂಗ್ ವಿಭಾಗಕ್ಕೆ ಸಂಘದ ಕಡೆಯಿಂದ ಯಾರೂ ಬರಲಿಲ್ಲ. ಭತ್ಯೆಯ ವಿಷಯ ಎರಡನೇ ಪುಟದ ಕೊನೆಗಿತ್ತು, 'ಇತರೆ' ಅನ್ನುವುದರ ಕೆಳಗೆ.

ನಿನ್ನೆ ರಾತ್ರಿ ಪಾಳಿ ಮುಗಿಸಿ ಬಟ್ಟೆ ಬದಲಿಸುತ್ತಿದ್ದಾಗ 'ಸದಸ್ಯರ ದನಿ' ಗುಂಪಿನಲ್ಲಿ ಸಂದೇಶ ಬಂತು.

'ಆಲಿಸುವ ವರ್ಷದ ಅಂಗವಾಗಿ, ಪ್ಯಾಕಿಂಗ್ ವಿಭಾಗದ ಎರಡನೇ ಪಾಳಿಯ ಸದಸ್ಯರ ಅಹವಾಲು ಆಲಿಸಲು ವಿಶೇಷ ಸಭೆ ಕರೆಯಲಾಗಿದೆ. ದಿನ: ಇದೇ ಗುರುವಾರ. ಸಮಯ: ಸಂಜೆ 5 ಗಂಟೆ. ಎರಡನೇ ಪಾಳಿಯವರು ತಪ್ಪದೆ ಹಾಜರಿರತಕ್ಕದ್ದು. ಗೈರುಹಾಜರಾದವರಿಗೆ ಆಕ್ಷೇಪಣೆ ಇಲ್ಲವೆಂದು ಭಾವಿಸಲಾಗುವುದು.'

ಕೆಳಗೆ ಆಗಲೇ ನೂರಾರು ಹೆಬ್ಬೆರಳು ಎದ್ದಿದ್ದವು. ನಾನೂ ಒಂದು ಒತ್ತಿದೆ. ಅಲ್ಲಿ ಬೇರೆ ಏನನ್ನೂ ಒತ್ತಲು ಬರುವುದಿಲ್ಲ.