ಇಂಜಿನ್ ಸದ್ದಿಗೆ ಮರುಳಾಗಬೇಡಿ, ಮ್ಯಾಟ್ ಎತ್ತಿ ನೋಡಿ

ಅರವತ್ತು ದಾಟಿದ ಅಪ್ಪನಿಗೆ ಅವರ ಕಾಲದ ಕಾರೊಂದನ್ನು ಹುಡುಕಿ ತಂದು ಬಾಗಿಲ ಮುಂದೆ ನಿಲ್ಲಿಸಬೇಕು ಅನ್ನೋ ಆಸೆ ನಮ್ಮ ಬಳ್ಳಾರಿ, ರಾಯಚೂರು, ಕೊಪ್ಪಳ ಕಡೆಯ ಮಕ್ಕಳಲ್ಲಿ ಈಚೆಗೆ ಜೋರಾಗಿದೆ. ಒಳ್ಳೆಯ ಆಸೆಯೇ. ಹುಣ್ಣಿಮೆಗೆ ಹುಲಿಗಿಗೆ, ಗುರುವಾರ ಮಂತ್ರಾಲಯಕ್ಕೆ ಒಂದೇ ಅಂಬಾಸಿಡರ್‌ನಲ್ಲಿ ಒಂಬತ್ತು ಜನ ತುರುಕಿಕೊಂಡು ಹೋದ ತಲೆಮಾರು ಅದು. ಪ್ರೀಮಿಯರ್ ಪದ್ಮಿನಿ ಕಾರನ್ನು ಇವತ್ತಿಗೂ 'ಫಿಯಟ್' ಅಂತಲೇ ಕರೀತಾರೆ. ಈ ಗಾಡಿಗಳು ದೊಡ್ಡ ಬೈಕೊಂದರ ದುಡ್ಡಿಗೆ ಇನ್ನೂ ಸಿಗುತ್ತವೆ ಅನ್ನೋದೂ ನಿಜ.

ಆದರೆ ಗಾಡಿ ನೋಡೋಕೆ ಹೋದವರೆಲ್ಲ ಮಾಡೋ ತಪ್ಪು ಒಂದೇ. ಬಾನೆಟ್ ಎತ್ತಿಸಿ ಇಂಜಿನ್ ಸದ್ದು ಕೇಳ್ತಾ ನಿಲ್ತಾರೆ. ಮಾರುವವರೂ ಅದಕ್ಕೇ ಕಾದಿರ್ತಾರೆ. "ಗಡಿಯಾರ ಇದ್ದಂಗೈತಿ ನೋಡ್ರಿ ಅಣ್ಣಾ, ಒಂದ್ ಸೆಲ್ಫ್‌ಗೇ ಎದ್ದೇಳ್ತೈತಿ." ಇರಬಹುದು. ಈ ಕಾರುಗಳಲ್ಲಿ ಸುಲಭವಾಗಿ, ಅಗ್ಗವಾಗಿ ಸರಿಯಾಗೋದೇ ಇಂಜಿನ್. ಬೋರಿಂಗ್, ಪಿಸ್ಟನ್, ರಿಂಗ್, ಬೇರಿಂಗ್ ಎಲ್ಲವನ್ನೂ ಊರಿನ ಲೇತ್ ಅಂಗಡಿಯಲ್ಲೇ ಮುಗಿಸಬಹುದು. ಸರಿಯಾಗದೆ ಗೋಳಾಡಿಸೋದು ಎರಡು: ತಗಡು, ಆಮೇಲೆ ಆರ್‌ಸಿ.

ತಗಡಿನ ವಿಷಯದಲ್ಲಿ ನಮ್ಮ ಸೀಮೆಯವರು ಪುಣ್ಯವಂತರು. ನಮ್ಮದು ಒಣ ಹವೆ, ಮಳೆ ಕಡಿಮೆ, ಸಮುದ್ರ ದೂರ. ಸಿಂಧನೂರಲ್ಲೋ ಕುಷ್ಟಗಿಯಲ್ಲೋ ಮೂವತ್ತು ವರ್ಷ ಶೆಡ್ಡಿನಲ್ಲಿ ನಿಂತ ಗಾಡಿಯ ಬಣ್ಣ ಬಿಸಿಲಿಗೆ ಸುಟ್ಟು ಸುಣ್ಣವಾಗಿರುತ್ತೆ, ಬೀಡಿಂಗ್ ರಬ್ಬರ್ ಬಿಸ್ಕತ್ತಿನ ಹಾಗೆ ಮುರಿಯುತ್ತೆ, ಆದರೆ ನೆಲದ ತಗಡು ಗಟ್ಟಿಯಾಗಿರುತ್ತೆ. ಮುಂಬೈಯಿಂದಲೋ ಕರಾವಳಿಯಿಂದಲೋ ಬಂದ ಗಾಡಿ ಥಳಥಳ ಹೊಳೆಯುತ್ತೆ, ಮ್ಯಾಟ್ ಎತ್ತಿದರೆ ಕೆಳಗಿನ ರಸ್ತೆ ಕಾಣುತ್ತೆ. ಹಾಗಾಗಿ ಮಾಸಿದ ಲೋಕಲ್ ಗಾಡಿಯೇ ಮೇಲು.

ನೋಡೋ ಬಗೆ ಹೀಗೆ. ಫ್ರಿಜ್ಜಿಗೆ ಅಂಟಿಸೋ ಮ್ಯಾಗ್ನೆಟ್ ಒಂದನ್ನು ಕರ್ಚೀಫಿನಲ್ಲಿ ಸುತ್ತಿ ಬಾಡಿಯ ಮೇಲೆ ಸರಿಸುತ್ತಾ ಹೋಗಿ. ತಗಡು ಇದ್ದಲ್ಲಿ ಹಿಡಿಯುತ್ತೆ, ದಪ್ಪ ಪುಟ್ಟಿ ಬಳಿದಲ್ಲಿ ಜಾರಿ ಬೀಳುತ್ತೆ. ಬೆರಳ ಗೆಣ್ಣಿನಿಂದ ತಟ್ಟಿದರೂ ಗೊತ್ತಾಗುತ್ತೆ: ತಗಡು 'ಟಣ್' ಅನ್ನುತ್ತೆ, ಪುಟ್ಟಿ 'ದಬ್' ಅನ್ನುತ್ತೆ. ಅಂಬಾಸಿಡರ್‌ನಲ್ಲಿ ಡ್ರೈವರ್ ಕಾಲಡಿಯ ನೆಲ, ಬಾಗಿಲುಗಳ ಕೆಳ ಅಂಚು, ಸ್ಟೆಪ್ನಿ ಇಡೋ ಜಾಗ, ಹಿಂದಿನ ಪಾಟಾ (ಪಟ್ಟಿ ಸ್ಪ್ರಿಂಗ್) ಬಾಡಿಗೆ ಕೂರೋ ಜಾಗ ನೋಡಿ. ಪದ್ಮಿನಿಯಲ್ಲಿ ಬಾಗಿಲ ಕೆಳಗಿನ ಉದ್ದ ಪಟ್ಟಿ ಮತ್ತು ಜಾಕ್ ಕೊಡೋ ಜಾಗ. ಮಾರುತಿ 800ರಲ್ಲಿ ಬಾನೆಟ್ ಒಳಗೆ ಮುಂದಿನ ಶಾಕ್ ಅಬ್ಸಾರ್ಬರ್ ಬಂದು ಕೂರೋ ಗುಂಡಗಿನ ಜಾಗ. ಅಲ್ಲಿ ಹೊಸ ವೆಲ್ಡಿಂಗ್ ಕಂಡರೆ ಚಹಾ ಕುಡಿದು ಕೈಮುಗಿದು ಬನ್ನಿ. ಈ ಮೂರೂ ಕಾರಿಗೆ ಬಾಡಿಯೇ ಬೆನ್ನೆಲುಬು, ಲಾರಿಗಿರೋ ಹಾಗೆ ಬೇರೆ ಚಾಸಿ ಇಲ್ಲ.

ಯಾವ ಕಾರು? ಅಂಬಾಸಿಡರ್ 2014ರವರೆಗೆ ಉತ್ತರಪಾರಾದಲ್ಲಿ ತಯಾರಾಯ್ತು, ಅದರಿಂದ ಒಂದೇ ಹೆಸರಿನಲ್ಲಿ ನಾಲ್ಕೈದು ಬೇರೆ ಬೇರೆ ಗಾಡಿಗಳಿವೆ. ಹಳೆಯ 1489 ಸಿಸಿ ಪೆಟ್ರೋಲ್ ಸರಳ, ಗಟ್ಟಿ. ಅದೇ ಅಳತೆಯ ಡೀಸೆಲ್ ನಿಧಾನ, ನಡುಗುತ್ತೆ, ಅಪ್ಪನ ಮಂಡಿಗೂ ಒಳ್ಳೇದಲ್ಲ. 1817 ಸಿಸಿಯ ಇಸುಜು ಪೆಟ್ರೋಲ್ ಓಡಿಸೋಕೆ ಎಲ್ಲಕ್ಕಿಂತ ಹಿತ, ಆದರೆ ಥರ್ಡ್ ಪಾರ್ಟಿ ಇನ್ಶೂರೆನ್ಸ್‌ನಲ್ಲಿ ಏಟು ಬೀಳುತ್ತೆ. 2022ರ ಜೂನ್‌ನಲ್ಲಿ ನಿಗದಿಯಾದ ದರದಲ್ಲಿ 1000ದಿಂದ 1500 ಸಿಸಿವರೆಗೆ 3,416 ರೂಪಾಯಿ, 1500 ದಾಟಿದರೆ 7,897, ತೆರಿಗೆ ಬೇರೆ. ಪದ್ಮಿನಿ 1089 ಸಿಸಿ, ಸುಮಾರು 40 ಎಚ್‌ಪಿ; ಊರೊಳಗೆ ತಿರುಗೋಕೆ ಅಂಬಾಸಿಡರ್‌ಗಿಂತ ಹಗುರ. ದಿನಾ ಓಡಿಸ್ತೀವಿ ಅನ್ನೋರಿಗೆ 2000ಕ್ಕೆ ಮುಂಚಿನ ಕಾರ್ಬುರೇಟರ್ ಮಾರುತಿ 800 ಸಾಕು. 796 ಸಿಸಿ, ಮೂರು ಸಿಲಿಂಡರ್, ಓಮ್ನಿಯ ಇಂಜಿನ್ ಸಾಮಾನೇ ಕೂರುತ್ತೆ, ಯಾವ ಊರಲ್ಲಾದರೂ ಮಿಸ್ತ್ರಿ ಸಿಗ್ತಾನೆ. ಕಾಂಟೆಸ್ಸಾ, ಹೆರಾಲ್ಡ್ ಕಾರುಗಳೂ ಚೆಂದವೇ, ಆದರೆ ಗಾಜು, ಲೈಟು, ಬಂಪರಿಗೆ ಊರೂರು ಅಲೆಯೋ ಪುರುಸೊತ್ತು ಇದ್ದವರಿಗೆ ಮಾತ್ರ. ನಮ್ಮ ಓಟು ಪದ್ಮಿನಿಗೆ. ಎಸಿ ಹಾಕಿಸೋ ಯೋಚನೆ ಮಾತ್ರ ಬಿಡಿ, ಇರೋ ನಲವತ್ತು ಕುದುರೆಯಲ್ಲಿ ಐದಾರು ಎಸಿಗೇ ಹೋಗುತ್ತವೆ.

ಇನ್ನು ಕಾಗದ. ಇಲ್ಲೇ ಹೆಚ್ಚು ಜನ ಸೋಲೋದು. ಗಾಡಿ ತೀರಿಹೋದ ಅಜ್ಜನ ಹೆಸರಲ್ಲಿರುತ್ತೆ, ಮೊಮ್ಮಗ ಮಾರ್ತಿರ್ತಾನೆ. ಹೆಸರು ಬದಲಾವಣೆಯ ಫಾರ್ಮ್ 29, 30ಕ್ಕೆ ಸಹಿ ಹಾಕಿಸಿಕೊಂಡು ಬಂದರೆ ಪ್ರಯೋಜನವಿಲ್ಲ. ಮೊದಲು ವಾರಸುದಾರರು ಫಾರ್ಮ್ 31, ಮರಣ ಪ್ರಮಾಣಪತ್ರ, ಉಳಿದವರ ಒಪ್ಪಿಗೆ ಕೊಟ್ಟು ತಮ್ಮ ಹೆಸರಿಗೆ ಮಾಡಿಸಿಕೊಳ್ಳಲಿ, ಆಮೇಲೆ ನಿಮಗೆ ಮಾರಲಿ. ಮೂರಕ್ಷರದ ಹಳೇ ನಂಬರಿನ ಗಾಡಿಯಾದರೆ ವಾಹನ್ ಪೋರ್ಟಲ್‌ನಲ್ಲಿ ದಾಖಲೆ ಇದೆಯೇ ಅಂತ ನೋಡಿ. ಇಲ್ಲದಿದ್ದರೆ ಆರ್‌ಟಿಒ ಕಚೇರಿಯ ಹಳೇ ರಿಜಿಸ್ಟರ್ ನೋಡಿ ಬ್ಯಾಕ್‌ಲಾಗ್ ಎಂಟ್ರಿ ಮಾಡಿಸಬೇಕು, ಅದಾಗದೆ ಮುಂದಿನ ಯಾವ ಕೆಲಸವೂ ಆಗಲ್ಲ. ಆರ್‌ಸಿ ಮೇಲೆ ಫೈನಾನ್ಸ್‌ನವರ ಹೆಸರು ಇದ್ದರೆ ಸಾಲ ತೀರಿದ್ದಕ್ಕೆ ಫಾರ್ಮ್ 35 ಮತ್ತು ಅವರ ಎನ್‌ಒಸಿ (ತಕರಾರಿಲ್ಲ ಅನ್ನೋ ಪತ್ರ) ಬೇಕು. ಆ ಫೈನಾನ್ಸ್ ಮುಚ್ಚಿ ಇಪ್ಪತ್ತು ವರ್ಷ ಆಗಿದ್ದರೆ ಓಡಾಡೋದು ಮಾರುವವರೇ, ನೀವಲ್ಲ. ದುಡ್ಡು ಕೊಡೋಕೆ ಮುಂಚೆ.

ಖಾಸಗಿ ಕಾರಿನ ಆರ್‌ಸಿ ಮೊದಲ 15 ವರ್ಷಕ್ಕೆ, ಆಮೇಲೆ ಐದೈದು ವರ್ಷಕ್ಕೊಮ್ಮೆ ನವೀಕರಣ, ಫಾರ್ಮ್ 25. ಇಪ್ಪತ್ತು ವರ್ಷ ದಾಟಿದ ಕಾರಿಗೆ 2025ರ ಆಗಸ್ಟ್‌ನಿಂದ ಕೇಂದ್ರದ ಶುಲ್ಕ 10,000 ರೂಪಾಯಿ. ತಡ ಮಾಡಿದ ಪ್ರತಿ ತಿಂಗಳಿಗೂ 500 ಹೆಚ್ಚುವರಿ. ರಾಜ್ಯದ ಗ್ರೀನ್ ಟ್ಯಾಕ್ಸ್ ಬೇರೆ. ಅವಧಿ ಮುಗಿದು ನಾಲ್ಕು ವರ್ಷ ನಿಂತ ಗಾಡಿಯ ಬಾಕಿ ಲೆಕ್ಕ ಹಾಕಿ, ಅಷ್ಟನ್ನು ಬೆಲೆಯಲ್ಲಿ ಮುರಿದುಕೊಳ್ಳಿ. ರಾಯಚೂರಿಗೆ ತೆಲಂಗಾಣ, ಬಳ್ಳಾರಿಗೆ ಆಂಧ್ರ ಪಕ್ಕದ ಮನೆ ಇದ್ದ ಹಾಗೆ. ಆಚೆಯ ಗಾಡಿ ಅಗ್ಗ ಕಾಣುತ್ತೆ, ಆದರೆ ಫಾರ್ಮ್ 28ರ ಎನ್‌ಒಸಿ ತಂದು, ಇಲ್ಲಿ ರಸ್ತೆ ತೆರಿಗೆ ಕಟ್ಟಿ, ಕೆಎ ನಂಬರ್ ಪಡೆಯೋ ಹೊತ್ತಿಗೆ ಅಗ್ಗ ಅನ್ನೋದು ಉಳಿದಿರಲ್ಲ. ಹಂಪಿ ಟ್ಯಾಕ್ಸಿಯಾಗಿ ಓಡಿದ ಹಳದಿ ಬೋರ್ಡಿನ ಅಂಬಾಸಿಡರ್ ಆದರೆ ಪರ್ಮಿಟ್ ಸರೆಂಡರ್, ತೆರಿಗೆ ಬಾಕಿ ಎರಡನ್ನೂ ವಿಚಾರಿಸಿ.

ಇಂಜಿನ್ ನಂಬರನ್ನೂ ಆರ್‌ಸಿ ಜೊತೆ ತಾಳೆ ನೋಡಿ. ನಂಬರ್ ಗುದ್ದಿದ ಜಾಗವನ್ನು ಸೀಮೆಎಣ್ಣೆ ಬಟ್ಟೆಯಿಂದ ಒರೆಸಿ, ಬಿಳಿ ಹಾಳೆ ಇಟ್ಟು ಪೆನ್ಸಿಲ್ ಉಜ್ಜಿ. ಅಂಕಿಗಳು ಒಂದೊಂದಾಗಿ ಎದ್ದು ಬರುತ್ತವೆ. ಪೆಟ್ರೋಲ್ ಗಾಡಿಗೆ ಯಾವಾಗಲೋ ಡೀಸೆಲ್ ಇಂಜಿನ್ ಕೂರಿಸಿ ಆರ್‌ಸಿಯಲ್ಲಿ ಬರೆಸದೇ ಬಿಟ್ಟಿದ್ದರೆ ನವೀಕರಣದ ದಿನ ಅಲ್ಲೇ ಸಿಕ್ಕಿಬೀಳ್ತೀರಿ. ಇನ್ನು ಕೆಲವರು 'ವಿಂಟೇಜ್ ಮಾಡಿಸಿಬಿಡೋಣ' ಅಂತಾರೆ. ಅದಕ್ಕೆ ಗಾಡಿಗೆ 50 ವರ್ಷ ತುಂಬಿರಬೇಕು, ಮೂಲ ರೂಪ ಕೆಟ್ಟಿರಬಾರದು, ಹೊಸ ನೋಂದಣಿ ಶುಲ್ಕ 20,000. ಸಿಗೋದು 'ವಿಎ' ನಂಬರ್. ಆಮೇಲೆ ಆ ಗಾಡಿ ರ‍್ಯಾಲಿ, ಪ್ರದರ್ಶನಕ್ಕೆ ಮಾತ್ರ, ಸಂತೆಗೆ ಒಯ್ಯೋ ಹಾಗಿಲ್ಲ. ಅಪ್ಪ ಓಡಿಸಲಿ ಅಂತ ತರೋ ಗಾಡಿಗೆ ಅದು ಬೇಡವೇ ಬೇಡ.

ಗಾಡಿ ಮನೆಗೆ ಬಂತು ಅನ್ನಿ. ನಮ್ಮ ಕಡೆ ಈ ಕಾರುಗಳಿಗೆ ತುಕ್ಕಿಗಿಂತ ದೊಡ್ಡ ಶತ್ರುಗಳು ಮೂರು: ಬೋರ್ ನೀರು, ಬಿಸಿಲು, ದೂಳು.

ಬೋರ್ ನೀರು ಎಷ್ಟು ಗಡಸು ಅನ್ನೋದು ಅಡಿಗೆಮನೆಯ ನೀರು ಕಾಯಿಸೋ ಪಾತ್ರೆ ನೋಡಿದರೆ ಗೊತ್ತಾಗುತ್ತೆ. ಅದೇ ಬಿಳಿ ಪದರ ರೇಡಿಯೇಟರ್ ಕೊಳವೆಯೊಳಗೂ ಇಂಜಿನ್ ಬ್ಲಾಕಿನೊಳಗೂ ಕಟ್ಟಿರುತ್ತೆ. ಹಳೇ ರೇಡಿಯೇಟರ್ ಹಿತ್ತಾಳೆ, ತಾಮ್ರದ್ದು. ಮೇಲಿನ ಟ್ಯಾಂಕ್ ಬಿಚ್ಚಿಸಿ ಕೊಳವೆಗಳಿಗೆ ರಾಡ್ ತೂರಿಸಿ ಪದರ ತೆಗೆಸಿದರೆ ಮತ್ತೆ ಹೊಸದೇ. ಅಷ್ಟಕ್ಕೇ ನಿಲ್ಲಬೇಡಿ. ಬ್ಲಾಕಿನ ಪಕ್ಕದಲ್ಲಿ ಬಟ್ಟಲಿನ ಆಕಾರದ ಕೋರ್ ಪ್ಲಗ್‌ಗಳಿರುತ್ತವೆ, ಅವನ್ನು ತೆಗೆಸಿ ಒಳಗಿನ ಕೆಸರು ಕೆರೆಸಿ. ಆಮೇಲೆ ಡಿಸ್ಟಿಲ್ಡ್ ನೀರಿಗೆ ಅರ್ಧಕ್ಕರ್ಧ ಕೂಲಂಟ್. 'ಸೆಖೆ ಊರು, ಥರ್ಮೋಸ್ಟಾಟ್ ಯಾಕೆ' ಅಂತ, ಇಂಜಿನ್ ಬಿಸಿಯಾಗೋವರೆಗೆ ನೀರು ತಡೆಯೋ ಅದನ್ನು ಕಿತ್ತು ಬಿಸಾಡೋ ಮಿಸ್ತ್ರಿಗಳಿದ್ದಾರೆ. ಕೇಳಬೇಡಿ. ಚಳಿಗಾಲದ ಬೆಳಗ್ಗೆ ಇಂಜಿನ್ ಕಾಯದೆ ಪೆಟ್ರೋಲ್ ಕುಡಿಯುತ್ತೆ, ಆಯಿಲ್ ಕೆಸರಾಗುತ್ತೆ. ಪದ್ಮಿನಿ, 800ರ ಹೆಡ್ (ಇಂಜಿನ್ ಬ್ಲಾಕಿನ ಮೇಲೆ ಕೂರೋ ಭಾಗ) ಅಲ್ಯೂಮಿನಿಯಂ. ಒಮ್ಮೆ ಕುದಿಸಿದರೆ ಡೊಂಕಾಗುತ್ತೆ. ಹೆಡ್ ಬಿಚ್ಚಿದಾಗ ಸ್ಟೀಲ್ ಪಟ್ಟಿ ಅಡ್ಡ ಇಟ್ಟು ಸಂದಿಗೆ 0.05 ಮಿಮೀ ಫೀಲರ್ ಗೇಜ್ ತೂರಿಸಿ ನೋಡಿ. ತೂರಿದರೆ ಫೇಸಿಂಗ್ ಮಾಡಿಸಿ ಸಮತಟ್ಟು ಮಾಡದೆ ಹೊಸ ಗ್ಯಾಸ್ಕೆಟ್ ಹಾಕಿಸಬೇಡಿ, ತಿಂಗಳೊಳಗೆ ಮತ್ತೆ ಹೋಗುತ್ತೆ. ಹಳೆಯ 1489 ಸಿಸಿ ಅಂಬಾಸಿಡರ್ ಹೆಡ್ ಬೀಡು ಕಬ್ಬಿಣದ್ದು, ಇಷ್ಟು ಬೇಗ ಮುನಿಸಿಕೊಳ್ಳಲ್ಲ.

ಬಿಸಿಲಿನ ಕಾಟ ಬೇರೆ ಥರ. ಏಪ್ರಿಲ್ ಮಧ್ಯಾಹ್ನ ಊಟಕ್ಕೆ ಇಪ್ಪತ್ತು ನಿಮಿಷ ನಿಲ್ಲಿಸಿ ಬಂದರೆ ಗಾಡಿ ಎದ್ದೇಳಲ್ಲ. ಬ್ಯಾಟರಿ ಸರಿ, ಕರೆಂಟ್ ಸರಿ. ಆದದ್ದು ಏನಂದರೆ, ಪೆಟ್ರೋಲ್ ಪಂಪ್ ಇಂಜಿನ್ನಿಗೇ ಅಂಟಿಕೊಂಡಿದೆ. ಗಾಳಿ ನಿಂತ ಕೂಡಲೇ ಇಂಜಿನ್ನಿನ ಶಾಖವೆಲ್ಲ ಅದಕ್ಕೆ ಏರಿ ಒಳಗಿನ ಪೆಟ್ರೋಲ್ ಆವಿಯಾಗುತ್ತೆ. ಪಂಪ್ ಆವಿಯನ್ನು ಎಳೆಯಲಾರದು. ಹಳೇ ಡ್ರೈವರುಗಳು ಪಂಪ್ ಮೇಲೆ ಒದ್ದೆ ಬಟ್ಟೆ ಸುತ್ತುತ್ತಿದ್ದದ್ದು ಇದಕ್ಕೇ. ಈಗಲೂ ಅದೇ ಮದ್ದು: ಬಟ್ಟೆ ಒದ್ದೆ ಮಾಡಿ ಸುತ್ತಿ, ಐದು ನಿಮಿಷ ಬಿಟ್ಟು, ಪಂಪಿನ ಕೆಳಗಿರೋ ಸಣ್ಣ ಲಿವರನ್ನು ಕೈಯಲ್ಲಿ ಹತ್ತಿಪ್ಪತ್ತು ಸಲ ಒತ್ತಿ, ಆಮೇಲೆ ಸೆಲ್ಫ್ ಹೊಡೆಯಿರಿ. ಕಾಯಂ ಪರಿಹಾರಕ್ಕೆ ಪಂಪ್ ಮತ್ತು ಬ್ಲಾಕಿನ ನಡುವಿನ ದಪ್ಪ ಬೇಕಲೈಟ್ ಸ್ಪೇಸರ್ ಇದೆಯೇ ನೋಡಿ, ರಿಪೇರಿಯಲ್ಲಿ ಯಾರೋ ತೆಗೆದಿರ್ತಾರೆ. ಸೈಲೆನ್ಸರ್ ಪಕ್ಕ ಹಾಯ್ದ ಪೆಟ್ರೋಲ್ ಪೈಪನ್ನು ದೂರ ಸರಿಸಿ. ಕರೆಂಟಿನ ಪಂಪ್ ಹಾಕಿಸೋದಾದರೆ 2–3 ಪಿಎಸ್‌ಐನಷ್ಟು ಕಡಿಮೆ ಒತ್ತಡದ್ದು. ಇಂಜೆಕ್ಷನ್ ಗಾಡಿಯ ಪಂಪ್ ಹಾಕಿದರೆ ಕಾರ್ಬುರೇಟರ್ ಉಕ್ಕಿ ಬೆಂಕಿ ಹತ್ತಬಹುದು.

ಈಗಿನ ಪೆಟ್ರೋಲ್‌ನಲ್ಲಿ 20 ಪರ್ಸೆಂಟ್ ಎಥನಾಲ್ ಇರೋದರಿಂದ ಇನ್ನೊಂದು ಕೆಲಸ ಕೂಡಿದೆ. ಹಳೇ ರಬ್ಬರ್ ಹೋಸು, ಪಂಪಿನ ಡಯಾಫ್ರಾಮ್ ಅದಕ್ಕೆ ಉಬ್ಬಿ ಸೀಳುತ್ತವೆ, ಟ್ಯಾಂಕಿನ ತುಕ್ಕು ಎದ್ದು ಕಾರ್ಬುರೇಟರ್‌ನಲ್ಲಿ ಪೆಟ್ರೋಲ್ ಹಾಯೋ ಸಣ್ಣ ತೂತಿಗೆ, ಅಂದರೆ ಜೆಟ್ಟಿಗೆ ಬಂದು ಕೂರುತ್ತೆ. ಎಥನಾಲ್ ತಡೆಯೋ ಹೋಸ್ ಕೇಳಿ ಹಾಕಿಸಿ, ಟ್ಯಾಂಕ್ ಇಳಿಸಿ ತೊಳೆಸಿ, ಪಂಪಿಗೆ ಮುಂಚೆ ಒಂದು ಪಾರದರ್ಶಕ ಫಿಲ್ಟರ್ ಇಡಿಸಿ. ಇಂಜಿನ್ ಮಿಸ್ ಹೊಡೆದು ಬಿಸಿಯಾಗ್ತಾ ಇದ್ದರೆ ಮೇನ್ ಜೆಟ್ ಒಂದು ಸೈಜ್ ದೊಡ್ಡದು ಬೇಕಾಗಬಹುದು. ಹೊಗೆ ತಪಾಸಣೆಯಲ್ಲಿ ಇಂಥ ಹಳೇ ಪೆಟ್ರೋಲ್ ಕಾರಿಗೆ ಕಾರ್ಬನ್ ಮೊನಾಕ್ಸೈಡ್ (ಸಿಒ) ಮಿತಿ 3 ಪರ್ಸೆಂಟ್. ಜೆಟ್ ಸವೆದಿಲ್ಲದಿದ್ದರೆ ಆರಾಮಾಗಿ ಪಾಸ್. ಹಳೆಯ 1489 ಸಿಸಿ ಪೆಟ್ರೋಲ್ ಅಂಬಾಸಿಡರ್‌ನವರು ವಾಲ್ವ್ ಸಂದಿ 0.38 ಮಿಮೀ ಇದೆಯೇ ಆಗಾಗ ನೋಡಬೇಕು. 2000ದಿಂದ ಸೀಸವಿಲ್ಲದ ಪೆಟ್ರೋಲ್ ಬಂದಮೇಲೆ ಆ ಬೀಡಿನ ಹೆಡ್‌ನಲ್ಲಿ ಎಕ್ಸಾಸ್ಟ್ ವಾಲ್ವ್ ಬಂದು ಕೂರೋ ಸೀಟು ಸವೆದು ಸಂದಿ ಮುಚ್ಚುತ್ತಾ ಬರುತ್ತೆ. ಹೆಡ್ ಬಿಚ್ಚೋ ಸಂದರ್ಭ ಬಂದಾಗ ಗಟ್ಟಿ ಸೀಟು ಕೂರಿಸಿಬಿಡಿ.

ದೂಳಿನದು ಒಂದೇ ಮಾತು: ಸಂಡೂರು, ತೋರಣಗಲ್ಲು ಕಡೆ ಓಡಾಡೋ ಗಾಡಿಗೆ ಏರ್ ಫಿಲ್ಟರ್ ಎರಡು ಸಾವಿರ ಕಿಲೋಮೀಟರಿಗೆ ಬಿಚ್ಚಿ ನೋಡಿ. ಅದಿರಿನ ಕೆಂಪು ದೂಳು ಸಿಲಿಂಡರಿಗೆ ಮರಳುಕಾಗದ ಇದ್ದ ಹಾಗೆ.

ವರ್ಷಗಟ್ಟಲೆ ನಿಂತ ಗಾಡಿಯನ್ನು ಬ್ರೇಕ್ ಮುಟ್ಟದೆ ರಸ್ತೆಗೆ ಇಳಿಸಬೇಡಿ. ಹಳೇ ಮಾಡೆಲ್‌ಗಳಿಗೆ ನಾಲ್ಕು ಚಕ್ರಕ್ಕೂ ಡ್ರಮ್ಮು, ಒಂದೇ ಲೈನು. ಎಲ್ಲೋ ಬ್ರೇಕ್ ಆಯಿಲ್ ತಡೆಯೋ ಒಂದು ರಬ್ಬರ್ ಕಪ್ ಸೋರಿದರೆ ಪೆಡಲ್ ಸೀದಾ ನೆಲಕ್ಕೆ ಹೋಗುತ್ತೆ. ಮಾಸ್ಟರ್ ಸಿಲಿಂಡರ್, ವೀಲ್ ಸಿಲಿಂಡರ್ ಕಿಟ್‌ಗಳು, ಮೂರೂ ರಬ್ಬರ್ ಹೋಸು ಒಟ್ಟಿಗೇ ಬದಲಿಸಿ. ಬಿಡಿಭಾಗಕ್ಕೆ ಬೆಂಗಳೂರಿನ ಜೆ.ಸಿ. ರೋಡ್, ರಾಯಚೂರಿನವರಿಗೆ ಹೈದರಾಬಾದಿನ ರಾಣಿಗಂಜ್ ಹತ್ತಿರ. ಹಳೇ ಪೀಸ್ ಕೈಯಲ್ಲಿ ಹಿಡಿದೇ ಹೋಗಿ, ಮಾಡೆಲ್ ಹೆಸರು ಹೇಳಿದರೆ ಮೂರು ಥರದ್ದು ತಂದಿಡ್ತಾರೆ.

ಸ್ಟೇರಿಂಗ್ ಪಕ್ಕ ಗೇರ್ ಇರೋ, ಅಂದರೆ ಹ್ಯಾಂಡ್ ಗೇರಿನ ಗಾಡಿ ಆದರೆ ಇದೊಂದು ಗೊತ್ತಿರಲಿ. ಲಿಂಕೇಜಿನ ಬುಶ್ ಸವೆದಾಗ ಎರಡು ಗೇರ್ ಒಟ್ಟಿಗೇ ಸಿಕ್ಕಿಕೊಂಡು, ಚೌಕದ ನಟ್ಟನಡುವೆ ಗಾಡಿ ಹಿಂದೂ ಹೋಗಲ್ಲ, ಮುಂದೂ ಹೋಗಲ್ಲ. ಇಂಜಿನ್ ಆಫ್ ಮಾಡಿ, ಬಾನೆಟ್ ಎತ್ತಿ, ಸ್ಟೇರಿಂಗ್ ಕೊಳವೆಯ ಬುಡದಲ್ಲಿರೋ ಎರಡು ಲಿವರ್‌ಗಳನ್ನು ಕೈಯಲ್ಲಿ ಸಮಕ್ಕೆ ತಂದರೆ ನ್ಯೂಟ್ರಲ್ ಸಿಗುತ್ತೆ. ಬುಶ್ಶಿಗೆ ಆಗೋ ಖರ್ಚು ಒಂದು ಹೊತ್ತಿನ ಊಟದಷ್ಟು. ಗೇರನ್ನು ಸದ್ದಿಲ್ಲದೆ ಕೂರಿಸೋ ಸಿಂಕ್ರೋ ಫಸ್ಟ್ ಗೇರಿಗೆ ಇಲ್ಲ, ಗಾಡಿ ಪೂರ್ತಿ ನಿಂತ ಮೇಲೇ ಹಾಕಬೇಕು. ಹೊಸ ಕಾರು ಓಡಿಸಿ ರೂಢಿಯಾದ ಮಕ್ಕಳು ಉರುಳುತ್ತಿರುವಾಗಲೇ ಹಾಕಿ 'ಕರ್' ಅನ್ನಿಸ್ತಾರೆ. ಅಪ್ಪನ ಕೈಗೆ ಕೊಡಿ, ಅವರು ಕ್ಲಚ್ ಎರಡು ಸಲ ಒತ್ತಿ ಸದ್ದಿಲ್ಲದೆ ಹಾಕ್ತಾರೆ.