ಮಾಳಿಗೆಗೊಂದು ಬಿಳಿ ಅಂಗಿ

ಕಲಬುರಗಿಯಲ್ಲಿ ಏಪ್ರಿಲ್ ಬಂತೆಂದರೆ ಸರ್ಕಾರಿ ಕಚೇರಿಗಳೇ ಬಿಸಿಲಿಗೆ ಸೋತು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ ಒಂದೂವರೆಗೆ ಮುಚ್ಚುತ್ತವೆ. ಫೈಲುಗಳಿಗೆ ಸಿಕ್ಕ ರಿಯಾಯಿತಿ ಮನೆಗಳಿಗಿಲ್ಲ. ಮನೆಗೆ ಎರಡು ಪಾಳಿ. ಹಗಲೆಲ್ಲ ಕಾಂಕ್ರೀಟ್ ಛಾವಣಿ ಬಿಸಿಲು ಕುಡಿಯುತ್ತದೆ, ರಾತ್ರಿ ನಾವು ಮಲಗಿದ ಮೇಲೆ ಅದನ್ನೇ ನಮ್ಮ ಮೇಲೆ ಇಳಿಸುತ್ತದೆ. ಪಾಪ, ಫ್ಯಾನ್ ಏನು ಮಾಡೀತು? ಮೇಲಿನ ಬಿಸಿಗಾಳಿಯನ್ನೇ ಕೆಳಗೆ ಬಡಿಸುತ್ತದೆ.

ಎಸಿ ಹಾಕಿಸಿಬಿಡಿ ಅನ್ನುವವರು ಬಹಳ. ಒಂದೂವರೆ ಟನ್ನಿನ ಎಸಿ ಜೋರಾಗಿ ಓಡುವಾಗ ಸುಮಾರು 1500 ವ್ಯಾಟ್ ಎಳೆಯುತ್ತದೆ. ಅಂದರೆ 75 ವ್ಯಾಟಿನ ಹಳೇ ಫ್ಯಾನು ಇಪ್ಪತ್ತು! ರಾತ್ರಿಗೆ ಎಂಟು ಯೂನಿಟ್ ಅಂದುಕೊಂಡರೂ ತಿಂಗಳಿಗೆ 240. ಗೃಹಜ್ಯೋತಿಯ 200 ಯೂನಿಟ್ ಗಡಿ ಅಲ್ಲೇ ದಾಟಿತು, ಪೂರ್ತಿ ಬಿಲ್ಲು ಕೈಗೆ ಬಂತು. ಆ ಬಿಲ್ಲು ನೋಡಿ ಬರುವ ಬೆವರಿಗೆ ಯಾವ ಎಸಿಯೂ ಸಾಲದು.

ಹಾಗಾಗಿ ನನ್ನ ಮತ ಸುಣ್ಣಕ್ಕೆ. ಯುಗಾದಿಯ ಹೊತ್ತಿಗೆ ಸುಣ್ಣ ತಂದು ರಾತ್ರಿ ನೆನೆಹಾಕಿ, ಸೋಸಿ, ಒಂದಿಷ್ಟು ಫೆವಿಕಾಲ್ ಕಲಸಿ, ಸಂಜೆ ಮಾಳಿಗೆ ತಣ್ಣಗಾದ ಮೇಲೆ ಉದ್ದ ಹಿಡಿಯ ಬ್ರಷ್ಷಿನಿಂದ ಎರಡು ಮೂರು ಸಲ ಬಳಿದರೆ ಆಯಿತು. ಬರಿಗೈಯಲ್ಲಿ ಮುಟ್ಟಬೇಡಿ, ಸುಣ್ಣ ಚರ್ಮ ಸುಡುತ್ತದೆ. ಬಿಳಿ ಮೈ ಬಿಸಿಲನ್ನು ಬಂದ ದಾರಿಗೇ ಕಳಿಸುತ್ತದೆ. ಛಾವಣಿ ಕುಡಿಯುವುದೇ ಕಡಿಮೆಯಾದರೆ ರಾತ್ರಿ ಇಳಿಸುವುದೂ ಕಡಿಮೆ, ಅಲ್ವಾ? ಮಳೆಗಾಲ ಅದನ್ನು ತೊಳೆದುಬಿಡುತ್ತದೆ ನಿಜ. ಮುಂದಿನ ವರ್ಷ ಮತ್ತೆ ಬಳಿಯಬೇಕು. ಅಂಗಡಿಯಲ್ಲಿ ಇದೇ ಕೆಲಸಕ್ಕೆ ದುಬಾರಿ ಬಣ್ಣದ ಡಬ್ಬಿಗಳಿವೆ. ಜಾಸ್ತಿ ದಿನ ಬಾಳುತ್ತವೆ, ಜಾಸ್ತಿ ದುಡ್ಡೂ ಕೇಳುತ್ತವೆ.

ನಮ್ಮ ಅತ್ತೆಗೆ ಮಾತ್ರ ಇದು ಸರಿಬರಲಿಲ್ಲ. ಸಂಡಿಗೆ ಹಾಕಲು ಮೇಲೆ ಹೋದವರು ಕಣ್ಣು ಕಿವುಚಿಕೊಂಡೇ ಇಳಿದರು. "ಏನವ್ವಾ, ಕಣ್ಣು ಬಿಡಾಕ ಆಗವಲ್ದು, ಕಾಲೆಲ್ಲಾ ಬೆಳ್ಳಗ!" ಅಡುಗೆಮನೆಯವರೆಗೂ ಅವರ ಹೆಜ್ಜೆ ಗುರುತು. ರಾತ್ರಿ ಎಲ್ಲರಿಗಿಂತ ಮೊದಲು ಗೊರಕೆ ಹೊಡೆದವರೂ ಅವರೇ. ಅದನ್ನು ನಾನು ಎತ್ತಿ ಆಡಲಿಲ್ಲ.

ಅವರು ಹುಟ್ಟಿದ ಮನೆಯ ಗೋಡೆ ಮೊಳಗಟ್ಟಲೆ ದಪ್ಪ, ಮೇಲೆ ಮಣ್ಣಿನ ಮಾಳಿಗೆ, ಕೆಳಗೆ ಶಹಾಬಾದ್ ಕಲ್ಲು. ಅಂಥ ಮನೆಯೊಳಗೆ ಬಿಸಿಲು ಬರಬೇಕಾದರೆ ಸಂಜೆಯಾಗುತ್ತಿತ್ತು. ಈಗ ಆ ದಪ್ಪ ಗೋಡೆ ಕಟ್ಟಿಸಲು ಸೈಟಿನಲ್ಲಿ ಜಾಗ ಎಲ್ಲಿದೆ?

ಇನ್ನು ಕೂಲರ್. ನಮ್ಮ ಒಣ ಹವೆಗೆ ಅದು ದೇವರು ಕೊಟ್ಟ ವರ. ಅದರ ಬದಿಯ ಹುಲ್ಲಿನ ಪ್ಯಾಡಿನಲ್ಲಿರುವ ನೀರು ಆವಿಯಾಗಿ ಆರುವಾಗ ಗಾಳಿಯ ಬಿಸಿ ಹೀರಿಕೊಳ್ಳುತ್ತದೆ. ಆದರೆ ಜನ ಎಸಿ ಹಾಕಿದಂತೆ ಬಾಗಿಲು ಕಿಟಕಿ ಬಿಗಿಮಾಡಿ ಕೂಲರ್ ಹಚ್ಚುತ್ತಾರೆ. ಅರ್ಧ ಗಂಟೆಗೆ ಕೋಣೆಯೆಲ್ಲ ಜಿಗಿಜಿಗಿ. ಒಂದು ಕಿಟಕಿ ತೆರೆದಿರಲೇಬೇಕು, ತೇವದ ಗಾಳಿ ಹೊರಗೆ ಹೋಗಬೇಕು. ಮಂಗಳೂರಿನ ನೆಂಟರಿಗೆ ಕೂಲರಿನ ಗುಣಗಾನ ಮಾಡಿದರೆ ನಗುತ್ತಾರೆ. ಅಲ್ಲಿನ ಗಾಳಿ ಮೊದಲೇ ಒದ್ದೆ, ಅಲ್ಲಿ ನೀರು ಆರುವುದು ಎಲ್ಲಿಂದ ಬಂತು?

ಹಗಲು ಕಿಟಕಿ ಮುಚ್ಚಿ, ರಾತ್ರಿ ತೆರೆಯಿರಿ ಎಂದು ಬೇರೆ ಹೇಳಬೇಕಿಲ್ಲ. ಸೊಳ್ಳೆ ಜಾಲರಿ ಮಾತ್ರ ಮೊದಲೇ ಹಾಕಿಸಿಕೊಳ್ಳಿ.