ವಿರಾಮ ಮಂಜೂರು ಮಾಡುವ ವಿಧಾನ

ಪ್ರಜೆಗಳಿಗೆ ವಿರಾಮ ಕೊಡಲೇಬೇಕಾದ ಸಂಕಟ ಒಂದಲ್ಲ ಒಂದು ದಿನ ಎಲ್ಲ ಸರಕಾರಗಳಿಗೂ ಬರುತ್ತದೆ. ಹೆದರಬೇಕಾಗಿಲ್ಲ. ಮುಂದುವರಿದ ದೇಶಗಳು ಪ್ರಯೋಗಗಳನ್ನೆಲ್ಲ ಮಾಡಿ ಮುಗಿಸಿವೆ. ನೆನಪಿಡಬೇಕಾದ ಸೂತ್ರ ಒಂದೇ: ಗಡಿಯಾರವನ್ನು ಎಷ್ಟು ಬೇಕಾದರೂ ತಿರುಗಿಸಿ, ಕೆಲಸದ ರಾಶಿಯನ್ನು ಮಾತ್ರ ಮುಟ್ಟಬೇಡಿ. ಹತ್ತು ಮಂದಿಯ ಕೆಲಸವನ್ನು ಏಳು ಮಂದಿ ಮಾಡುತ್ತಿದ್ದರೆ ಏಳೇ ಇರಲಿ. ಎಂಟನೆಯವನನ್ನು ನೇಮಿಸಿದಿರೋ, ಜನರಿಗೆ ನಿಜವಾಗಿಯೂ ವಿರಾಮ ಸಿಕ್ಕಿಬಿಡುವ ಅಪಾಯವಿದೆ.

ಮೊದಲು ದಿನ ಗೊತ್ತು ಮಾಡಬೇಕು. ಇದರಲ್ಲಿ ಜಪಾನಿಗೆ ಸಾಟಿಯಿಲ್ಲ. ಅಲ್ಲಿನ ಆರ್ಥಿಕ ಸಚಿವಾಲಯವೂ ಉದ್ಯಮಿಗಳ ಒಕ್ಕೂಟ ಕೇದಾನ್‌ರೆನ್ನೂ ಸೇರಿ 2017ರ ಫೆಬ್ರವರಿ 24ರಂದು ‘ಪ್ರೀಮಿಯಂ ಫ್ರೈಡೇ’ ಆರಂಭಿಸಿದವು. ತಿಂಗಳ ಕೊನೆಯ ಶುಕ್ರವಾರ ಮಧ್ಯಾಹ್ನ ಮೂರಕ್ಕೇ ಕಚೇರಿಯಿಂದ ಹೊರಡಿ ಎಂದವು. ಹೊರಟು ಸೇರಬೇಕಾದದ್ದು ಅಂಗಡಿಯನ್ನು, ಏಕೆಂದರೆ ಜನ ಹೆಚ್ಚು ಖರ್ಚು ಮಾಡಲಿ ಎಂಬುದೂ ಯೋಜನೆಯ ಉದ್ದೇಶ. ಪ್ರಧಾನಿ ಶಿಂಜೊ ಅಬೆ ಅಂದು ಝೆನ್ ದೇಗುಲಕ್ಕೆ ಹೋಗಿ ಧ್ಯಾನಕ್ಕೆ ಕುಳಿತರು. ಧ್ಯಾನದಿಂದ ವ್ಯಾಪಾರ ಹೇಗೆ ಕುದುರುತ್ತದೆ ಎಂದು ಕೇಳಬಾರದು. ಆದರೆ ತಿಂಗಳ ಕೊನೆ ಎಂದರೆ ಲೆಕ್ಕ ಮುಗಿಸುವ, ಬಿಲ್ಲು ಕಳಿಸುವ ಹೊತ್ತು. ಎರಡನೆಯ ಪ್ರೀಮಿಯಂ ಫ್ರೈಡೇ ಬಂದದ್ದು ಮಾರ್ಚ್ 31ಕ್ಕೆ. ಜಪಾನಿನ ಹಣಕಾಸು ವರ್ಷ ಮುಗಿಯುವುದೂ ಅಂದೇ. ಪಂಚಾಂಗ ಹಿಡಿದು ಹುಡುಕಿದ್ದರೂ ಇಂಥ ಮುಹೂರ್ತ ಸಿಗುತ್ತಿರಲಿಲ್ಲ. ಮರುವರ್ಷ, ಆ ಶುಕ್ರವಾರದ ಬೆನ್ನಿಗೇ ಸೋಮವಾರ ಬೆಳಗ್ಗೆಯೂ ಬಿಡುವು ಕೊಡುವ ‘ಶೈನಿಂಗ್ ಮಂಡೇ’ ಎಂಬ ಯೋಚನೆ ಅದೇ ಸಚಿವಾಲಯದಲ್ಲಿ ಮೂಡಿತು. ಹೆಸರಿಡುವುದರಲ್ಲಿ ಮಾತ್ರ ಅವರು ಎಂದೂ ದಣಿದವರಲ್ಲ.

ಆಮೇಲೆ ಮಿತಿ ಹಾಕಬೇಕು. ಇದನ್ನೂ ಜಪಾನಿನಿಂದಲೇ ಕಲಿಯಬೇಕು. ದುಡಿದು ದುಡಿದು ಸಾಯುವುದಕ್ಕೆ ಅಲ್ಲಿ ‘ಕರೋಶಿ’ ಎನ್ನುತ್ತಾರೆ. ಸಾವಿಗೆ ದುಡಿಮೆಯೇ ಕಾರಣವೆಂದು ಒಪ್ಪಿ ಪರಿಹಾರ ಕೊಡುವ ಮುಂಚೆ ಅಧಿಕಾರಿಗಳು ಓವರ್‌ಟೈಮ್ ಎಣಿಸುತ್ತಾರೆ: ಹಿಂದಿನ ಒಂದು ತಿಂಗಳಲ್ಲಿ ಸುಮಾರು 100 ಗಂಟೆ, ಇಲ್ಲವೇ ಎರಡರಿಂದ ಆರು ತಿಂಗಳ ಸರಾಸರಿ 80 ಗಂಟೆ. 2018ರಲ್ಲಿ ಕಾಯಿದೆ ತಿದ್ದಿ 2019ರ ಏಪ್ರಿಲ್‌ನಿಂದ ದೊಡ್ಡ ಕಂಪನಿಗಳಿಗೆ ಅನ್ವಯಿಸಿದರು. ಓವರ್‌ಟೈಮ್ ತಿಂಗಳಿಗೆ 45 ಗಂಟೆ, ವರ್ಷಕ್ಕೆ 360 ಮೀರಬಾರದು. ‘ವಿಶೇಷ ಸಂದರ್ಭ’ ಬಂದರೆ ವರ್ಷಕ್ಕೆ 720ರವರೆಗೆ ಹೋಗಬಹುದು. ಸರಾಸರಿ 80 ದಾಟಬಾರದು, ಯಾವ ತಿಂಗಳೂ 100 ಮುಟ್ಟಬಾರದು. ವಿಶೇಷ ಸಂದರ್ಭ ವರ್ಷದಲ್ಲಿ ಆರು ತಿಂಗಳು ಇರಬಹುದು. ಅಂದರೆ ಪರಿಹಾರ ಕೊಡುವವರ ಮೇಜಿನ ಮೇಲಿದ್ದ ಅಳತೆಗೋಲನ್ನೇ ಕಾಯಿದೆ ಬರೆಯುವವರು ಕಡ ತಂದಿದ್ದಾರೆ. ‘100ರವರೆಗೆ’ ಎನ್ನಬೇಕೋ ‘100ಕ್ಕಿಂತ ಕಡಿಮೆ’ ಎನ್ನಬೇಕೋ ಎಂದು ಮಾಲೀಕರೂ ಕಾರ್ಮಿಕ ಸಂಘದವರೂ ಜಗ್ಗಾಡಿದಾಗ ಪ್ರಧಾನಿಯೇ ನಡುವೆ ಬಂದು ‘ಕಡಿಮೆ’ಯ ಪರ ನಿಂತರು. ಆದ್ದರಿಂದ 99 ಗಂಟೆ 59 ನಿಮಿಷ ಸಕ್ರಮ. 22 ಕೆಲಸದ ದಿನಗಳಿಗೆ ಹಂಚಿ ನೋಡಿ: ಬೆಳಗ್ಗೆ ಒಂಬತ್ತಕ್ಕೆ ಬಂದು, ಊಟಕ್ಕೆ ಒಂದು ಗಂಟೆ ಕಳೆದು, ರಾತ್ರಿ ಹತ್ತೂವರೆಗೆ ಎದ್ದರೆ ಕಾಯಿದೆಗೆ ತಲೆಬಾಗಿದಂತೆಯೇ. ಮೀರಿದ ಮಾಲೀಕನಿಗೆ ಹೆಚ್ಚೆಂದರೆ ಆರು ತಿಂಗಳ ಸೆರೆ, ಇಲ್ಲವೇ 3 ಲಕ್ಷ ಯೆನ್ ದಂಡ. ಇಡೀ ಕಾಯಿದೆಯಲ್ಲಿ ಯಾರಿಗಾದರೂ ಪೂರ್ತಿ ವಿರಾಮ ಇದ್ದರೆ ಆ ಸೆರೆಯಲ್ಲೇ.

ಕಾಯಿದೆಯ ಗೋಜು ಬೇಡ, ಯಂತ್ರವೇ ಸಾಕು ಎನ್ನುವವರು ದಕ್ಷಿಣ ಕೊರಿಯದ ಸೋಲ್ ಕಡೆ ನೋಡಲಿ. 2018ರ ಮಾರ್ಚ್ 30ರ ಶುಕ್ರವಾರ ಆ ನಗರಾಡಳಿತ ರಾತ್ರಿ ಎಂಟಕ್ಕೆ ತನ್ನ ನೌಕರರ ಕಂಪ್ಯೂಟರ್‌ಗಳನ್ನು ಆರಿಸಿತು. ಏಪ್ರಿಲ್‌ನಲ್ಲಿ ತಿಂಗಳಿಗೆ ಎರಡು ಶುಕ್ರವಾರ ಏಳೂವರೆಗೆ, ಮೇ ತಿಂಗಳಿಂದ ಎಲ್ಲ ಶುಕ್ರವಾರ ಏಳಕ್ಕೆ ಎಂಬುದು ಯೋಜನೆ. ಮೂರರಲ್ಲಿ ಎರಡು ಪಾಲು ನೌಕರರು ‘ನಮ್ಮನ್ನು ಬಿಟ್ಟುಬಿಡಿ’ ಎಂದು ವಿನಾಯಿತಿ ಕೇಳಿದರು. ಪಾಪ, ವಿರಾಮದ ಮೇಲೆ ಅವರಿಗೆ ದ್ವೇಷವಿರಲಿಕ್ಕಿಲ್ಲ. ಕಂಪ್ಯೂಟರ್ ಆರಿದರೂ ಸೋಮವಾರದ ಗಡುವು ಆರುವುದಿಲ್ಲ. ಅದೇ ವರ್ಷ ಜುಲೈನಲ್ಲಿ ದೇಶದ ವಾರದ ಗರಿಷ್ಠ ದುಡಿಮೆಯನ್ನು 68 ಗಂಟೆಯಿಂದ 52ಕ್ಕೆ ಇಳಿಸತೊಡಗಿದರು. 2023ರಲ್ಲಿ ಮತ್ತೊಂದು ಸರಕಾರ ಅದನ್ನು 69ಕ್ಕೆ ಏರಿಸೋಣ, ಈಗ ದುಡಿದವರು ಆಮೇಲೆ ಉದ್ದ ರಜೆ ಹಾಕಿಕೊಳ್ಳಲಿ ಎಂದಿತು. ಐದು ವರ್ಷಕ್ಕೆ ಒಂದು ಗಂಟೆ ಬಡ್ಡಿ. ಯುವ ನೌಕರರು ತಿರುಗಿಬಿದ್ದ ಮೇಲೆ ಪ್ರಸ್ತಾವ ಹಿಂದಕ್ಕೆ ಸರಿಯಿತು.

ಫ್ರಾನ್ಸಿನವರದು ಸೊಗಸುಗಾರರ ದಾರಿ. ವಾರಕ್ಕೆ 35 ಗಂಟೆ ಎಂದು ಲೋಕಕ್ಕೆಲ್ಲ ಸಾರಿದ ದೇಶ ಅದು. ಆದರೆ ಹಲವು ಮೇಲಿನ ಹುದ್ದೆಗಳವರಿಗೆ ಗಂಟೆಯ ಲೆಕ್ಕವೇ ಇಲ್ಲ, ದಿನಗಳ ಲೆಕ್ಕ: ವರ್ಷಕ್ಕೆ 218. ದಿನಕ್ಕೆ 11 ಗಂಟೆ ಬಿಡುವು, ವಾರಕ್ಕೊಂದು ರಜೆ ಕೊಟ್ಟರೆ ಸಾಕು. ಉಳಿದದ್ದನ್ನು ಕೂಡಿದರೆ ವಾರಕ್ಕೆ 78 ಗಂಟೆ. ಕಚೇರಿ ಬಿಟ್ಟ ಮೇಲೆ ಇಮೇಲ್ ನೋಡದಿರುವ ಹಕ್ಕು 2017ರ ಜನವರಿ 1ರಿಂದ ಇದೆ. 50 ಅಥವಾ ಹೆಚ್ಚು ಮಂದಿ ಇರುವ ಕಂಪನಿ ಆ ಬಗ್ಗೆ ನೌಕರರೊಡನೆ ಮಾತುಕತೆ ನಡೆಸಬೇಕು. ಒಪ್ಪಂದವಾಗದಿದ್ದರೆ ಒಂದು ಸನ್ನದು ಬರೆದಿಡಬೇಕು.

ಅಮೆರಿಕದ್ದು ಎಲ್ಲಕ್ಕಿಂತ ಅಗ್ಗದ ವಿಧಾನ. ಸಂಬಳ ಸಹಿತ ರಜೆ ಕೊಡಿ ಎನ್ನುವ ಕೇಂದ್ರ ಸರಕಾರದ ಕಾಯಿದೆ ಖಾಸಗಿ ನೌಕರರಿಗೆ ಅಲ್ಲಿ ಇಲ್ಲವೇ ಇಲ್ಲ. ಆ ಕೊರತೆ ನೀಗಲು ಕೆಲವು ಕಂಪನಿಗಳು ‘ಮಿತಿಯಿಲ್ಲದ ರಜೆ’ ಕಂಡುಹಿಡಿದಿವೆ. ಎಣಿಕೆ ಇದ್ದರೆ ರಜೆ ಬಾಕಿ ಉಳಿಯುತ್ತದೆ, ಬಾಕಿ ಕಂಪನಿಯ ಲೆಕ್ಕಪುಸ್ತಕದಲ್ಲಿ ಸಾಲವಾಗಿ ಕೂರುತ್ತದೆ, ನೌಕರ ಬಿಟ್ಟುಹೋಗುವಾಗ ಹಲವೆಡೆ ಅದನ್ನು ಹಣವಾಗಿ ತೆರಬೇಕಾಗುತ್ತದೆ. ಎಣಿಕೆಯನ್ನೇ ತೆಗೆದರೆ ಸಾಲವೂ ಹೋಯಿತು. ಇದನ್ನು ಜಾರಿಗೆ ತರುವುದು ಬಲು ಸುಲಭ. ರಜೆ ಅರ್ಜಿಯಲ್ಲಿ ‘ಬಾಕಿ ಇರುವ ದಿನಗಳು’ ಎಂಬ ಕಾಲಂ ಅಳಿಸಿ, ಅದೇ ಜಾಗದಲ್ಲಿ ‘ನಿಮ್ಮ ಕೆಲಸ ಯಾರು ನೋಡಿಕೊಳ್ಳುತ್ತಾರೆ?’ ಎಂದು ಬರೆಯಿರಿ.